ಕಪ್ಪು ಕಪ್ಪಾಗಿ ಕಾಣಬೇಕು, ಅಷ್ಟೆ

ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಟಿವಿ ರಿಪೇರಿ ಮಾಡುವವನು. 1998ರಲ್ಲಿ ಕುಂದಾಪುರದ ಕಡೆಯಿಂದ ಬಂದು ಒಂದು ಅಂಗಡಿಯಲ್ಲಿ ಹೆಲ್ಪರ್ ಆಗಿ ಸೇರಿದೆ. ಆಗೆಲ್ಲ ಡಬ್ಬಾ ಟಿವಿ. ಪಿಕ್ಚರ್ ಟ್ಯೂಬಿಗೆ ಸುಮಾರು 25,000 ವೋಲ್ಟ್ ಹೋಗುತ್ತಿತ್ತು. ಮೊದಲು ಡಿಸ್ಚಾರ್ಜ್ ಮಾಡದೆ ಕೈ ಹಾಕಿದರೆ ಏನಾಗುತ್ತದೆ ಅಂತ ಒಂದೇ ಸಲಕ್ಕೆ ಕಲಿತೆ.

ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ ನಮ್ಮ ಮನೆಯ ಟಿವಿ 9 ವರ್ಷ ಹಳೆಯದು. 40 ಇಂಚಿನ ಎಲ್‌ಇಡಿ. ಎರಡು ಸಲ ನಾನೇ ಬ್ಯಾಕ್‌ಲೈಟ್ ಸ್ಟ್ರಿಪ್, ಅಂದರೆ ಸ್ಕ್ರೀನಿನ ಹಿಂದೆ ಉರಿಯುವ ದೀಪದ ಪಟ್ಟಿ, ಬದಲಾಯಿಸಿದ್ದೆ. ಮೂರನೇ ಸಲ ಒಳಗಿನ ಒಂದು ಎಲ್‌ಇಡಿಯ ಮೇಲಿದ್ದ ಲೆನ್ಸ್ ಕಳಚಿ ಬಿತ್ತು. ಸ್ಕ್ರೀನಿನ ನಡುವೆ, ಸ್ವಲ್ಪ ಮೇಲಕ್ಕೆ, ದುಂಡಗೆ ಒಂದು ಬಿಳಿ ಕಲೆ. ಅಮ್ಮ ತಿಂಗಳುಗಟ್ಟಲೆ ಏನೂ ಹೇಳಲಿಲ್ಲ. ಪೌರಾಣಿಕ ಧಾರಾವಾಹಿಯಲ್ಲಿ ಅದು ಸರಿಯಾಗಿ ದೇವರ ತಲೆಯ ಹಿಂದೆ ಬರುತ್ತಿತ್ತು. ಪ್ರಭಾವಳಿ ಅಂದುಕೊಂಡಿದ್ದರಂತೆ. ಒಂದು ದಿನ ಅದೇ ಪ್ರಭಾವಳಿ ವಾರ್ತೆ ಓದುವವನ ತಲೆಗೂ ಬಂದಾಗ ಅವರಿಗೆ ಅನುಮಾನ ಹುಟ್ಟಿತು.

ಹೊಸ ಟಿವಿ ತೆಗೆದುಕೊಳ್ಳೋಣ ಅಂತ ಹೊರಟೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿತ್ತು. ದೀಪಾವಳಿಯೂ ಹತ್ತಿರ ಬಂದಿತ್ತು.

ಮೊದಲು ನಮ್ಮ ಹಾಲ್ ಹೇಗಿದೆ ಹೇಳುತ್ತೇನೆ. 10 ಅಡಿ ಅಗಲ, 14 ಅಡಿ ಉದ್ದ. ಪಶ್ಚಿಮಕ್ಕೆ ಬಾಲ್ಕನಿ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಒಳಗೆ. ಟಿವಿ ಗೋಡೆಯಿಂದ ಸೋಫಾ 8 ಅಡಿ. ಅಮ್ಮನ ದಿವಾನ ಎದುರಿಗಿಲ್ಲ, ಪಕ್ಕದ ಗೋಡೆಗೆ ಒತ್ತಿಕೊಂಡಿದೆ. ಅಲ್ಲಿಂದ ಟಿವಿ ಓರೆಯಾಗಿ ಕಾಣುತ್ತದೆ. ಅವರ ಟಿವಿ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾದರೆ ರಾತ್ರಿ ಹತ್ತರವರೆಗೆ. ಕನ್ನಡ ನ್ಯೂಸ್, ಆಮೇಲೆ ಧಾರಾವಾಹಿ, ಮತ್ತೆ ನ್ಯೂಸ್. ಹತ್ತರ ಮೇಲೆ ನನ್ನ ಪಾಳಿ. ದೀಪ ಆರಿಸಿ ಯಕ್ಷಗಾನದ ರೆಕಾರ್ಡಿಂಗ್ ಹಾಕಿಕೊಂಡು ಕೂರುತ್ತೇನೆ. ಭಾನುವಾರ ಕ್ರಿಕೆಟ್.

ಅಂಗಡಿಯಲ್ಲಿ ಕಲರ್ ನೋಡಿ ಟಿವಿ ತೆಗೆದುಕೊಳ್ಳುವವರೇ ಜಾಸ್ತಿ. ನಾನು ಕಪ್ಪು ನೋಡುತ್ತೇನೆ. ಇದು ಡಬ್ಬಾ ಟಿವಿ ಕಾಲದ ಚಾಳಿ. ಪಿಕ್ಚರ್ ಟ್ಯೂಬಿನಲ್ಲಿ ಕಪ್ಪು ಇರುವ ಜಾಗಕ್ಕೆ ಎಲೆಕ್ಟ್ರಾನ್ ಬೀಮ್ ಹೋಗುತ್ತಲೇ ಇರಲಿಲ್ಲ. ಕತ್ತಲ ಕೋಣೆಯಲ್ಲಿ ಅದು ನಿಜವಾದ ಕಪ್ಪು. ಎಲ್‌ಸಿಡಿ ಬಂದಾಗ ಟಿವಿ ತೆಳ್ಳಗಾಯಿತು, ಹಗುರವಾಯಿತು, ಆದರೆ ಆ ಕಪ್ಪು ಕೈಬಿಟ್ಟುಹೋಯಿತು. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಮುಂದಿನ ಲಿಕ್ವಿಡ್ ಕ್ರಿಸ್ಟಲ್ ಕಿಟಕಿ ಬಾಗಿಲಿನ ಹಾಗೆ ಮುಚ್ಚಿಕೊಳ್ಳುತ್ತದೆ. ಎಷ್ಟು ಮುಚ್ಚಿದರೂ ಸಂದಿಯಲ್ಲಿ ಬೆಳಕು ಸೋರುತ್ತದೆ. ಹಾಗಾಗಿ ರಾತ್ರಿಯ ದೃಶ್ಯ ಬೂದು ಬೂದು.

ಮೊದಲು ಆ ದೀಪ ಸಣ್ಣ ಟ್ಯೂಬ್‌ಲೈಟ್ ಆಗಿತ್ತು. ಆಮೇಲೆ ಎಲ್‌ಇಡಿ ಆಯಿತು. ಟಿವಿಗೇ ಎಲ್‌ಇಡಿ ಅಂತ ಹೆಸರಿಟ್ಟುಬಿಟ್ಟರು. ಸ್ಕ್ರೀನ್ ಮಾತ್ರ ಅದೇ ಎಲ್‌ಸಿಡಿ. ಕ್ಯೂಎಲ್‌ಇಡಿ ಅಂದರೂ ಅಷ್ಟೆ. ದೀಪಕ್ಕೂ ಪ್ಯಾನಲಿಗೂ ನಡುವೆ ಕ್ವಾಂಟಮ್ ಡಾಟ್ ಅನ್ನುವ ಅತಿ ಸಣ್ಣ ಕಣಗಳ ಒಂದು ಫಿಲ್ಮ್ ಇರುತ್ತದೆ. ನೀಲಿ ಬೆಳಕಿನಿಂದ ಶುದ್ಧ ಕೆಂಪು, ಹಸಿರು ಮಾಡಿಕೊಡುತ್ತದೆ. ಈ ಡಾಟ್‌ಗಳನ್ನು ಕಂಡುಹಿಡಿದವರಿಗೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ದೊಡ್ಡ ಕೆಲಸವೇ. ಬಣ್ಣ ಖಂಡಿತ ಚೆನ್ನಾಗುತ್ತದೆ. ಕಪ್ಪಿಗೆ ಅದರಿಂದ ಏನೂ ಲಾಭವಿಲ್ಲ. ಎಲ್‌ಇಡಿ, ಓಎಲ್‌ಇಡಿ, ಕ್ಯೂಎಲ್‌ಇಡಿ ಮೂರೂ ಒಂದೇ ಮನೆಯ ಮಕ್ಕಳ ಹೆಸರಿನ ಹಾಗೆ ಕೇಳುತ್ತವೆ, ಅಲ್ವಾ? ಬೇರೆ ಜಾತಿಯದು ಓಎಲ್‌ಇಡಿ ಒಂದೇ.

ಅಂಗಡಿಗೆ ಹೋಗುವಾಗ ಒಂದು ಪೆನ್‌ಡ್ರೈವ್ ಜೇಬಿನಲ್ಲಿತ್ತು. ಅದರಲ್ಲಿ ನಾಲ್ಕೇ ಫೈಲ್. ಒಂದು ಪೂರ್ತಿ ಕಪ್ಪು, ನಡುವೆ ನಾಲ್ಕು ಬಿಳಿ ಅಕ್ಷರ. ಒಂದು ಪೂರ್ತಿ ಬೂದು. ಒಂದು ಕ್ರಿಕೆಟ್ ತುಣುಕು. ಇನ್ನೊಂದು ಮಾಹೀಮಿನ ಕರ್ನಾಟಕ ಸಂಘದ ಹಾಲಿನಲ್ಲಿ ನಾನೇ ತೆಗೆದ ಯಕ್ಷಗಾನ. ಮಳೆಗಾಲದಲ್ಲಿ ಊರ ಕಡೆ ಮೇಳದ ತಿರುಗಾಟ ನಿಂತಾಗ ಕಲಾವಿದರು ಮುಂಬೈಗೆ ಬರುತ್ತಾರಲ್ಲ, ಆಗ ತೆಗೆದದ್ದು. ಕಪ್ಪು ಪರದೆ, ಅದರ ಮುಂದೆ ವೇಷಧಾರಿಯ ಕಪ್ಪು ಅಂಗಿ, ಅಂದರೆ ದಗಲೆ, ಮೇಲೆ ಫಳಫಳ ಹೊಳೆಯುವ ಕಿರೀಟ. ಟಿವಿ ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆ ವಿಡಿಯೋ ಯಾವ ಕಂಪನಿಯೂ ಮಾಡಿಲ್ಲ ಅಂತ ನನ್ನ ಅನಿಸಿಕೆ.

ಅಂಗಡಿಯ ಹುಡುಗ "ಕಾಕಾ, ಕಲರ್ ಬಘಾ ನಾ" ಅಂತ ಗಿಳಿ, ಹೂವು, ಜಲಪಾತ ತೋರಿಸಿದ. ಆ ಡೆಮೊ ವಿಡಿಯೋದಲ್ಲಿ ಎಲ್ಲ ಟಿವಿಯೂ ಚೆನ್ನಾಗಿಯೇ ಕಾಣುತ್ತದೆ. ಅಂಗಡಿಯ ಟ್ಯೂಬ್‌ಲೈಟುಗಳ ನಡುವೆ ಎದ್ದು ಕಾಣಲಿ ಅಂತ ಸ್ಟೋರ್ ಮೋಡಿನಲ್ಲಿ ಬೆಳಕು ಪೂರ್ತಿ ಏರಿಸಿರುತ್ತಾರೆ. ನಾನು ಹೋಮ್ ಮೋಡ್ ಮಾಡಿಸಿ, ಪಿಕ್ಚರನ್ನು ಸಿನೆಮಾಕ್ಕೆ ಇಡಿಸಿದೆ. ಸಾಲಿನಲ್ಲಿದ್ದ ಅರ್ಧ ಟಿವಿಗಳ ಬಣ್ಣ ಅಲ್ಲೇ ಇಳಿಯಿತು. ಹುಡುಗನ ಮುಖವೂ.

ಬೂದು ಫೈಲ್ ಹಾಕಿದಾಗ ಎರಡು ಟಿವಿಗಳಲ್ಲಿ ನಡುವೆ ಮಸಿ ಒರೆಸಿದ ಹಾಗೆ ಕಲೆ ಕಂಡಿತು. ಕ್ರಿಕೆಟ್ ನೋಡುವವರು ಇದನ್ನು ತಪ್ಪದೆ ನೋಡಬೇಕು. ಕ್ಯಾಮೆರಾ ಚೆಂಡಿನ ಹಿಂದೆ ಓಡುವಾಗ ಹಸಿರು ಮೈದಾನದ ಮೇಲೆ ಆ ಕಲೆಯೂ ಓಡಿದ ಹಾಗೆ ಕಾಣುತ್ತದೆ. ಇದು ಮಾಡೆಲ್ ಮೇಲೆ ಹೋಗುವುದಿಲ್ಲ. ಒಂದೇ ಮಾಡೆಲಿನ ಎರಡು ಪೀಸಿನಲ್ಲಿ ಬೇರೆ ಬೇರೆ ಇರುತ್ತದೆ.

4ಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾನು ನೋಡುತ್ತಿದ್ದ 55 ಇಂಚಿನಲ್ಲಿ ಈಗ 4ಕೆ ಅಲ್ಲದ್ದು ಸಿಗುವುದೇ ಕಷ್ಟ. ಆದರೆ ಅಮ್ಮ ನೋಡುವ ಎಸ್‌ಡಿ, ಅಂದರೆ ಎಚ್‌ಡಿ ಅಲ್ಲದ, ಚಾನೆಲಿನಲ್ಲಿ ಬರುವುದು 576 ಗೆರೆ. ಟಿವಿಯಲ್ಲಿರುವುದು 2160. ಉಳಿದದ್ದನ್ನು ಟಿವಿಯೇ ಊಹಿಸಿ ತುಂಬಬೇಕು. ಹಾಗಾಗಿ ಸೆಟ್‌ಟಾಪ್ ಬಾಕ್ಸ್ ಹಚ್ಚಿಸಿ ಎಸ್‌ಡಿ ಚಾನೆಲ್ ತೋರಿಸಲು ಹೇಳಿದೆ. ಆ ಪರೀಕ್ಷೆಯಲ್ಲಿ ಅಗ್ಗದ ಒಂದು ಟಿವಿ ಮೊದಲೇ ಔಟ್.

ಆಮೇಲೆ ಒಳಗಿನ ಕತ್ತಲು ಕೋಣೆಗೆ ಹೋಗಿ ಓಎಲ್‌ಇಡಿಯಲ್ಲಿ ಯಕ್ಷಗಾನ ಹಾಕಿಸಿದೆ. ಸುಳ್ಳು ಹೇಳುವುದಿಲ್ಲ, ಮೈ ಜುಮ್ ಅಂದಿತು. ಓಎಲ್‌ಇಡಿಯಲ್ಲಿ ಹಿಂದೆ ದೀಪವೇ ಇಲ್ಲ. ಸುಮಾರು 83 ಲಕ್ಷ ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿ, ಪ್ರತಿಯೊಂದೂ ತಾನೇ ಉರಿಯುತ್ತದೆ, ತಾನೇ ಆರುತ್ತದೆ. ಪರದೆಯ ಕಪ್ಪು ಬೇರೆ, ದಗಲೆಯ ಕಪ್ಪು ಬೇರೆ ಅಂತ ಬಿಡಿಸಿ ಕಂಡಿತು. ಕಿರೀಟದ ಒಂದೊಂದು ಚೂರೂ ಕತ್ತಲಲ್ಲಿ ತೇಲುತ್ತಿತ್ತು. ಓರೆಯಲ್ಲಿ ನಿಂತು ನೋಡಿದರೂ ಬಣ್ಣ ಹಾಗೇ. ಡಬ್ಬಾ ಟಿವಿಯ ಕಪ್ಪು ವಾಪಸ್ ಬಂದಿತ್ತು.

ಅರ್ಧ ಗಂಟೆ ಅಲ್ಲೇ ನಿಂತೆ. ಆಮೇಲೆ ಮನೆಯ ಲೆಕ್ಕ ಹಾಕಿದೆ. ಓಎಲ್‌ಇಡಿಯ ಪಿಕ್ಸೆಲ್ ಉರಿದಷ್ಟೂ ಸವೆಯುತ್ತದೆ. ಎಲ್ಲ ಸಮಾನವಾಗಿ ಸವೆದರೆ ಗೊತ್ತಾಗುವುದಿಲ್ಲ. ಆದರೆ ನ್ಯೂಸ್ ಚಾನೆಲಿನ ಲೋಗೊ ಮೂಲೆಯಿಂದ ಕದಲುವುದಿಲ್ಲ, ಕೆಳಗಿನ ಕೆಂಪು ಪಟ್ಟಿಯೂ ಅಷ್ಟೆ. ದಿನಕ್ಕೆ ಆರೇಳು ಗಂಟೆ ಅದೇ ಜಾಗದಲ್ಲಿ ಅದೇ ಬಣ್ಣ ಉರಿದರೆ ಅದರ ಅಚ್ಚು ಸ್ಕ್ರೀನಿನಲ್ಲಿ ಉಳಿಯಬಹುದು. ಡಬ್ಬಾ ಟಿವಿಯಲ್ಲೂ ಪ್ಲಾಸ್ಮಾದಲ್ಲೂ ಈ ಅಚ್ಚನ್ನು ನಾನು ಎಷ್ಟೋ ನೋಡಿದ್ದೇನೆ. ಈಗಿನವು ಎಷ್ಟೋ ವಾಸಿ. ಪಿಕ್ಚರನ್ನು ಒಂದೆರಡು ಪಿಕ್ಸೆಲ್ ಅತ್ತಿತ್ತ ಸರಿಸುತ್ತವೆ, ಲೋಗೊ ಇರುವ ಜಾಗವನ್ನು ಮಂಕು ಮಾಡುತ್ತವೆ. ನಾವು ರಿಮೋಟಿನಲ್ಲಿ ಟಿವಿ ಆಫ್ ಮಾಡಿದ ಮೇಲೆ, ಗೋಡೆ ಸ್ವಿಚ್ ಆನ್ ಇರುವಾಗ, ಅಂದರೆ ಸ್ಟ್ಯಾಂಡ್‌ಬೈನಲ್ಲಿ, ಸವಕಳಿಯನ್ನು ಅಳೆದು ತಾವೇ ಸರಿಮಾಡಿಕೊಳ್ಳುತ್ತವೆ.

ಸ್ಟ್ಯಾಂಡ್‌ಬೈನಲ್ಲಿ! ನನ್ನ ಅಮ್ಮ ರಾತ್ರಿ ಎಲ್ಲ ಸ್ವಿಚ್ಚನ್ನೂ ಗೋಡೆಯಲ್ಲೇ ಆರಿಸುವವರು. ಟಿವಿ, ಸೆಟ್‌ಟಾಪ್ ಬಾಕ್ಸ್, ವೈಫೈ, ಒಂದನ್ನೂ ಬಿಡುವುದಿಲ್ಲ. ಕರೆಂಟ್ ಬಿಲ್ಲು, ಸಿಡಿಲು, ಶಾರ್ಟ್ ಸರ್ಕ್ಯೂಟು, ಅವರ ಬಳಿ ಮೂರು ಕಾರಣ ಇವೆ. ಪಾಪದ ಟಿವಿಗೆ ತನ್ನ ಆರೈಕೆ ಮಾಡಿಕೊಳ್ಳಲು ಸಮಯವೇ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಓಎಲ್‌ಇಡಿ ಇದ್ದರೆ ಇದೊಂದು ನೆನಪಿಡಿ. ಗೋಡೆ ಸ್ವಿಚ್ ಮುಟ್ಟಬೇಡಿ.

ಬಿಸಿಲಿನ ಮಾತೂ ಇತ್ತು. ಸಣ್ಣ ಜಾಗದ ಹೊಳಪಿನಲ್ಲಿ ಓಎಲ್‌ಇಡಿಗೆ ತೊಂದರೆಯಿಲ್ಲ. ಸ್ಕ್ರೀನ್ ಪೂರ್ತಿ ಬಿಳಿಯಾದಾಗ ಅದು ಬೆಳಕು ತಗ್ಗಿಸುತ್ತದೆ. ಮಧ್ಯಾಹ್ನ ನಾಲ್ಕು ಗಂಟೆಗೆ ನಮ್ಮ ಬಾಲ್ಕನಿ ಬಿಸಿಲಿನ ಎದುರು ಅದು ಸೋಲುತ್ತದೆ ಅನಿಸಿತು. ಬೆಲೆಯೂ ನಾನು ನೋಡಿದ ಅಂಗಡಿಯಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು. ನಾನೊಬ್ಬನೇ ರಾತ್ರಿ ಸಿನೆಮಾ ನೋಡುವ ಮನೆಯಾಗಿದ್ದರೆ ಕಣ್ಣು ಮುಚ್ಚಿ ತರುತ್ತಿದ್ದೆ.

ಹಾಗೆ ಮಿನಿ ಎಲ್‌ಇಡಿ ಕಡೆ ತಿರುಗಿದೆ. ಇದೂ ಎಲ್‌ಸಿಡಿಯೇ. ಆದರೆ ಹಿಂದೆ ನಾಲ್ಕಾರು ಸ್ಟ್ರಿಪ್ ಬದಲು ಸಣ್ಣ ಸಣ್ಣ ಎಲ್‌ಇಡಿಗಳ ರಾಶಿ. ಅವುಗಳನ್ನು ಗುಂಪು ಗುಂಪಾಗಿ ಏರಿಸಿ ಇಳಿಸಬಹುದು. ಒಂದೊಂದು ಗುಂಪಿಗೆ ಝೋನ್ ಅನ್ನುತ್ತಾರೆ. ದೃಶ್ಯದಲ್ಲಿ ಕತ್ತಲಿರುವ ಕಡೆ ಝೋನ್ ಆರುತ್ತದೆ. ಒಳ್ಳೆಯವು 1000 ನಿಟ್ಸ್ ಹೊಳಪನ್ನು ಸುಲಭವಾಗಿ ದಾಟುತ್ತವೆ. ಬಿಸಿಲಿಗೆ ಇದೇ ಸರಿ.

ಡಬ್ಬಿಯ ಮೇಲೆ ಮಿನಿ ಎಲ್‌ಇಡಿ ಅಂತ ಬರೆದಿದ್ದರೆ ಸಾಲದು. ಝೋನ್ ಎಷ್ಟು ಅಂತ ಕೇಳಬೇಕು. 300 ಝೋನ್ ಇದೆ ಅಂದುಕೊಳ್ಳಿ, ಒಂದು ಝೋನಿನ ಪಾಲಿಗೆ ಇಪ್ಪತ್ತೇಳು ಸಾವಿರಕ್ಕಿಂತ ಹೆಚ್ಚು ಪಿಕ್ಸೆಲ್ ಬರುತ್ತದೆ. ಅದರಲ್ಲಿ ಒಂದು ಚುಕ್ಕಿ ಹೊಳೆದರೂ ಇಡೀ ಝೋನ್ ಉರಿಯಬೇಕು. ಕಪ್ಪಿನ ಮೇಲೆ ಬಿಳಿ ಅಕ್ಷರದ ಫೈಲ್ ಇದಕ್ಕೇ ಇಟ್ಟುಕೊಂಡಿದ್ದು. ಹಾಕಿಸಿದರೆ ಅಕ್ಷರದ ಸುತ್ತ ಮಂಜು ಕವಿದ ಹಾಗೆ ಬೆಳಕು. ನಾನು ನಕ್ಕೆ. ಅಮ್ಮನ ಪ್ರಭಾವಳಿ ಇಲ್ಲೂ ಇತ್ತು. ಮೂರು ಟಿವಿಗಳಲ್ಲಿ ಯಾವುದರಲ್ಲಿ ಈ ಮಂಜು ಕಡಿಮೆಯೋ ಅದನ್ನು ಆರಿಸಿದೆ. ಝೋನ್ ಸಂಖ್ಯೆಯಲ್ಲಿ ಅದು ಎರಡನೆಯದು. ದೀಪ ಏರಿಸಿ ಇಳಿಸುವ ಬುದ್ಧಿ ಅದಕ್ಕೆ ಜಾಸ್ತಿ ಇತ್ತು.

ಒಂದು ತೊಡಕು ಉಳಿಯಿತು. ಅದರ ಪ್ಯಾನಲ್ ವಿಎ. ಎಲ್‌ಸಿಡಿ ಪ್ಯಾನಲಿನಲ್ಲಿ ಮುಖ್ಯವಾಗಿ ಎರಡು ಬಗೆ. ವಿಎ ಬಾಗಿಲು ಚೆನ್ನಾಗಿ ಮುಚ್ಚುತ್ತದೆ, ಕಪ್ಪು ಮೂರು ನಾಲ್ಕು ಪಟ್ಟು ಆಳ. ಓರೆಯಿಂದ ನೋಡಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಐಪಿಎಸ್ ಓರೆಯಿಂದ ಚೆನ್ನ, ಕಪ್ಪು ಮಾತ್ರ ಬೂದು. ಸೋಫಾದಲ್ಲಿ ಕೂರುವ ನನಗೆ ವಿಎ ಬೇಕು, ದಿವಾನದ ಮೇಲಿನ ಅಮ್ಮನಿಗೆ ಐಪಿಎಸ್ ಬೇಕು. ನಾನು ವಿಎ ತಂದೆ. ಸ್ವಾರ್ಥ ಅಂದುಕೊಳ್ಳಿ.

ಎರಡನೇ ದಿನವೇ ಅಮ್ಮ ಹೇಳಿದರು, "ಎಲ್ಲರ ಮೋರೆಗೂ ಬೂದಿ ಬಳ್ದಾಂಗ್ ಕಾಣ್ತಲ್ಲ ಮಗ." ದಿವಾನ ಸರಿಸೋಣ ಅಂದರೆ ಒಪ್ಪಲಿಲ್ಲ. ಕಿಟಕಿಯ ಗಾಳಿ ಬಿಟ್ಟು ಅವರು ಬರುವುದಿಲ್ಲ. ಕೊನೆಗೆ ಅತ್ತಿತ್ತ ತಿರುಗುವ ವಾಲ್‌ಮೌಂಟ್ ತಂದೆ. ಟಿವಿ ಬರೀ 15 ಕಿಲೋದ ಆಸುಪಾಸು. ಆದರೆ ತೋಳು ಮುಂದಕ್ಕೆ ಎಳೆದಾಗ ಗೋಡೆಯ ಮೇಲೆ ಬೀಳುವ ಎಳೆತ ಬೇರೆಯೇ. ನಮ್ಮ ಬಿಲ್ಡಿಂಗಿನ ಒಳಗೋಡೆ 4 ಇಂಚಿನದು, ಫಾಸ್ಟನರ್ ಬಿಗಿ ಮಾಡುತ್ತಿದ್ದಂತೆ ಹಿಡಿತ ಸಿಗದೆ ಸುಮ್ಮನೆ ಸುತ್ತುತ್ತದೆ. ಹಾಗಾಗಿ ಕಾಂಕ್ರೀಟ್ ಕಾಲಂ ಇರುವ ಜಾಗದಲ್ಲೇ ತೂತು ಹೊಡೆದೆ. ಎರಡು ಕಡೆ ಸರಳು ಸಿಕ್ಕಿತು, ಮೌಂಟನ್ನು ಒಂದಿಂಚು ಪಕ್ಕಕ್ಕೆ ಸರಿಸಬೇಕಾಯಿತು. ಈಗ ಹಗಲಲ್ಲಿ ಟಿವಿ ಅಮ್ಮನ ಕಡೆ, ರಾತ್ರಿ ನನ್ನ ಕಡೆ.

ಸೆಟ್ಟಿಂಗಿನಲ್ಲಿ ಜಾಸ್ತಿ ಏನೂ ಮಾಡಲಿಲ್ಲ. ಸಿನೆಮಾ ಮೋಡ್. ನಡುವೆ ಫ್ರೇಮ್ ಸೇರಿಸಿ ಚಲನೆ ನಯ ಮಾಡುವ ಮೋಷನ್ ಸ್ಮೂತಿಂಗ್ ಆಫ್, ಇಲ್ಲದಿದ್ದರೆ 24 ಫ್ರೇಮಿನ ಸಿನೆಮಾ ಕೂಡ ಮದುವೆ ವಿಡಿಯೋದ ಹಾಗೆ ಕಾಣುತ್ತದೆ. ಬ್ಯಾಕ್‌ಲೈಟ್ ಹಗಲಿಗೆ 70, ರಾತ್ರಿಗೆ 30. ಇದು ಕಣ್ಣಿಗಾಗಿ ಮಾತ್ರ ಅಲ್ಲ. ನನ್ನ ಬೆಂಚಿಗೆ ಬರುವ ಎಲ್‌ಇಡಿ ಟಿವಿಗಳಲ್ಲಿ ಹೆಚ್ಚಿನವು "ಸೌಂಡ್ ಬರುತ್ತದೆ, ಪಿಕ್ಚರ್ ಇಲ್ಲ" ಅನ್ನುವ ಕೇಸು. ಟಾರ್ಚ್ ಬಿಟ್ಟು ನೋಡಿದರೆ ಮಸುಕಾಗಿ ಪಿಕ್ಚರ್ ಕಾಣುತ್ತದೆ. ಸ್ಟ್ರಿಪ್ ಸುಟ್ಟಿದೆ ಅಂತ ಅರ್ಥ. ಅವುಗಳಲ್ಲಿ ಬಹುಪಾಲು ಮನೆಗೆ ಬಂದ ದಿನದಿಂದ ಬ್ಯಾಕ್‌ಲೈಟ್ 100ರಲ್ಲೇ ಓಡಿದವು. ಇನ್ನೊಂದು ಕೇಸು, ಗ್ಲಾಸ್ ಕ್ಲೀನರನ್ನು ನೇರ ಸ್ಕ್ರೀನಿಗೆ ಸ್ಪ್ರೇ ಮಾಡುವುದು. ನೀರು ಇಳಿದು ಕೆಳಗಿನ ಅಂಚಿನೊಳಗೆ ಹೋಗುತ್ತದೆ, ಅಲ್ಲಿ ಪ್ಯಾನಲಿನ ಕನೆಕ್ಷನ್ ಇರುತ್ತದೆ. ಉದ್ದ ಗೆರೆ ಬಂತು ಅಂದರೆ ಮುಗಿಯಿತು. ಪ್ಯಾನಲಿನ ಬೆಲೆ ಕೇಳಿದವರು ಹೊಸ ಟಿವಿಯನ್ನೇ ತರುತ್ತಾರೆ. ಒಣ ಮೈಕ್ರೋಫೈಬರ್ ಬಟ್ಟೆ ಸಾಕು.

ರಾತ್ರಿ ಯಕ್ಷಗಾನ ಹಾಕಿದಾಗ ಕಿರೀಟದ ಸುತ್ತ ಸಣ್ಣಗೆ ಬೆಳಕು ಸೋರುವುದು ನನಗೆ ಕಾಣುತ್ತದೆ. ಟಿವಿಯ ಹಿಂದೆ ಗೋಡೆಗೆ ಒಂದು ಮಂದ ಬಿಳಿ ಎಲ್‌ಇಡಿ ಪಟ್ಟಿ ಅಂಟಿಸಿದೆ. ಸುತ್ತ ಸ್ವಲ್ಪ ಬೆಳಕಿದ್ದರೆ ಕಣ್ಣಿಗೆ ಕಪ್ಪು ಇನ್ನಷ್ಟು ಕಪ್ಪಾಗಿ ಕಾಣುತ್ತದೆ, ಸೋರಿಕೆ ಮರೆಯಾಗುತ್ತದೆ. ಪೂರ್ತಿ ಅಲ್ಲ. ಆ ಓಎಲ್‌ಇಡಿ ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ.

ಹನ್ನೆರಡಕ್ಕೆ ನಾನು ರಿಮೋಟಿನಲ್ಲಿ ಟಿವಿ ಆಫ್ ಮಾಡಿ ಮಲಗುತ್ತೇನೆ. ಅಮ್ಮ ನೀರು ಕುಡಿಯಲು ಎದ್ದವರು ಗೋಡೆಯ ಸ್ವಿಚ್ಚುಗಳನ್ನು ಟಕ್ ಟಕ್ ಅಂತ ಆರಿಸುವುದು ಒಳಗಿನ ಕೋಣೆಗೆ ಕೇಳಿಸುತ್ತದೆ. ಆರಿಸಲಿ ಬಿಡಿ. ಇದಕ್ಕೇನೂ ಆಗುವುದಿಲ್ಲ.