ಕೊಳೆತ ಪ್ಯಾಂಕ್ರಿಯಾಸ್‌ಗೆ ಯಾವಾಗ ಕೈ ಹಾಕಬೇಕು: ನನ್ನ ಅನುಭವ

ಪ್ಯಾಂಕ್ರಿಯಾಸ್‌ನ (ಜಠರದ ಹಿಂದಿದ್ದು ಜೀರ್ಣರಸ ಮತ್ತು ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ) ಒಂದು ಭಾಗ ಕೊಳೆತಿದೆ ಎಂದು ಸಿ.ಟಿ. ಸ್ಕ್ಯಾನ್ ತೋರಿಸಿದಾಗ ಮನೆಯವರು ಮೊದಲು ಕೇಳುವುದು, "ಆಪರೇಷನ್ ಯಾವಾಗ ಡಾಕ್ಟರೇ?" ಎಂದು. ಕೊಳೆತದ್ದನ್ನು ತೆಗೆದುಹಾಕಿದರೆ ಕಾಯಿಲೆ ಹೋಗುತ್ತದೆ ಎಂಬುದು ಅವರ ಲೆಕ್ಕಾಚಾರ. ಬಹುಕಾಲ ಶಸ್ತ್ರವೈದ್ಯರ ಲೆಕ್ಕಾಚಾರವೂ ಅದೇ ಆಗಿತ್ತು. ಬೆಂಗಳೂರಿನಲ್ಲಿ ಜಠರ ಮತ್ತು ಕರುಳಿನ ಶಸ್ತ್ರವೈದ್ಯನಾಗಿ ಕೆಲಸ ಮಾಡುವ ನಾನು ಈಗ ಕೊಡುವ ಉತ್ತರ ಬೇರೆ: ಆದಷ್ಟು ತಡವಾಗಿ, ಆದಷ್ಟು ಚಿಕ್ಕ ದಾರಿಯಲ್ಲಿ, ಅಗತ್ಯ ಬೀಳದಿದ್ದರೆ ಮಾಡುವುದೇ ಇಲ್ಲ.

ಮೊದಲ ವಾರಗಳಲ್ಲಿ ಸತ್ತ ಅಂಗಾಂಶ ಯಾವುದು, ಜೀವಂತ ಅಂಗಾಂಶ ಯಾವುದು ಎಂಬ ಗಡಿಯೇ ಇರುವುದಿಲ್ಲ. ಆಗ ಹೊಟ್ಟೆ ತೆರೆಯುವುದೆಂದರೆ ಬಲಿಯದ ಹಲಸಿನಿಂದ ತೊಳೆ ಬಿಡಿಸಲು ಹೋದಂತೆ; ಕೈಗೆ ಬರುವುದಕ್ಕಿಂತ ಹರಿಯುವುದೇ ಹೆಚ್ಚು, ಇಲ್ಲಿ ಹರಿಯುವುದು ರಕ್ತನಾಳ. ಸುಮಾರು ನಾಲ್ಕು ವಾರ ಕಳೆದರೆ ದೇಹವೇ ಕೊಳೆಯ ಸುತ್ತ ಗೋಡೆ ಕಟ್ಟುತ್ತದೆ, ಒಳಗಿನದು ಸಡಿಲಗೊಳ್ಳುತ್ತದೆ. ನೆದರ್‌ಲೆಂಡ್ಸ್‌ನ ವೈದ್ಯರು 2010ರಲ್ಲಿ ಪ್ರಕಟಿಸಿದ 88 ರೋಗಿಗಳ ಅಧ್ಯಯನ ನಮ್ಮ ಕೆಲಸದ ದಿಕ್ಕನ್ನೇ ಬದಲಿಸಿತು. ನೇರವಾಗಿ ಹೊಟ್ಟೆ ತೆರೆದವರಲ್ಲಿ ಶೇ. 69ರಷ್ಟು ಮಂದಿ ಗಂಭೀರ ತೊಡಕಿಗೆ ಅಥವಾ ಸಾವಿಗೆ ಈಡಾದರು. ಮೊದಲು ನಳಿಕೆ ಹಾಕಿ ಕೀವು ಬಸಿದು, ಸಾಲದಿದ್ದರೆ ಮಾತ್ರ ಮುಂದಿನ ಹೆಜ್ಜೆ ಇಟ್ಟ ಗುಂಪಿನಲ್ಲಿ ಆ ಪ್ರಮಾಣ ಶೇ. 40. ಆ ಗುಂಪಿನ ಶೇ. 35ರಷ್ಟು ಜನರಿಗೆ ನಳಿಕೆಯೊಂದೇ ಸಾಕಾಯಿತು.

ಆದರೆ ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಚಿಕ್ಕಬಳ್ಳಾಪುರದ ಕಡೆಯಿಂದ ಬಂದ ಒಬ್ಬ ರೈತರ ನೆನಪಾಗುತ್ತದೆ. ಪಿತ್ತಕೋಶದ ಕಲ್ಲಿನಿಂದ ಶುರುವಾದ ಕಾಯಿಲೆ. ಮೂಗಿನಿಂದ ಸಣ್ಣ ಕರುಳಿನವರೆಗೆ ಇಳಿಸಿದ ತೆಳು ಕೊಳವೆಯಲ್ಲಿ ಅವರಿಗೆ ಆಹಾರ ಹೋಗುತ್ತಿತ್ತು. ಅವರ ಹೆಂಡತಿ ಮನೆಯಿಂದ ರಾಗಿ ಗಂಜಿ ಮಾಡಿಸಿ ತರುತ್ತಿದ್ದರು. ಸರಿಯಾಗಿ ಸೋಸದಿದ್ದರೆ ಗಂಜಿ ಕೊಳವೆಯಲ್ಲೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಕೊಳವೆ ಬದಲಿಸಲು ಮತ್ತೆ ಎಂಡೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯನ್ನು ಒಳಗಿಳಿಸುವುದು) ಬೇಕಾಗುತ್ತದೆ. ಬಟ್ಟೆಯಲ್ಲಿ ಎರಡು ಸಲ ಸೋಸಿ, ಪ್ರತಿ ಸಲವೂ ಉಗುರುಬೆಚ್ಚಗಿನ ನೀರು ಹಾಯಿಸುವುದನ್ನು ನರ್ಸ್ ಅವರಿಗೆ ಕಲಿಸಿಕೊಟ್ಟರು. ಈ ಆಹಾರ ಕರುಳನ್ನು ಜೀವಂತವಾಗಿಡುತ್ತದೆ, ಕರುಳಿನ ಬ್ಯಾಕ್ಟೀರಿಯಾ ಕೊಳೆಗೆ ದಾಟುವುದನ್ನು ತಗ್ಗಿಸುತ್ತದೆ. ನನ್ನ ಚಾಕುವಿಗಿಂತ ಅದಕ್ಕೆ ಹೆಚ್ಚು ಬೆಲೆಯಿದೆ ಎಂದು ನಾನು ಮನಸಾರೆ ನಂಬುತ್ತೇನೆ.

ಮೂರನೆಯ ವಾರ ಅವರಿಗೆ ಚಳಿಜ್ವರ ಬಂತು. ಸ್ಕ್ಯಾನ್‌ನಲ್ಲಿ ಕೊಳೆಯ ನಡುವೆ ಗಾಳಿಯ ಗುಳ್ಳೆಗಳು, ಅಂದರೆ ಸೋಂಕು ತಗುಲಿದೆ. ಆಸ್ಪತ್ರೆಯ ಹೊರಗೆ ಮರದಡಿ ಕಾಯುತ್ತಿದ್ದ ಅವರ ಭಾವಮೈದುನ, "ಇನ್ನೂ ಯಾಕೆ ತಡ ಮಾಡುತ್ತೀರಿ?" ಎಂದು ಕೇಳಿದರು. ಕೋಪ ನ್ಯಾಯವಾದದ್ದೇ. ಸ್ಕ್ಯಾನ್ ಚಿತ್ರವನ್ನು ಮುಂದಿಟ್ಟು, ಗೋಡೆ ಇನ್ನೂ ಕಟ್ಟಿಲ್ಲದ ಜಾಗವನ್ನು ಬೆರಳಿಟ್ಟು ತೋರಿಸಿದೆ. ಸೋಂಕು ಕಂಡ ಕೂಡಲೇ ನಳಿಕೆ ಹಾಕುವುದರಿಂದ ಹೆಚ್ಚಿನ ಲಾಭವಿಲ್ಲವೆಂದು 2021ರ ಇನ್ನೊಂದು ಡಚ್ ಅಧ್ಯಯನ ತೋರಿಸಿದೆ. ಕಾದ ಗುಂಪಿನಲ್ಲಿ ಶೇ. 39ರಷ್ಟು ರೋಗಿಗಳು ಬರೀ ಆ್ಯಂಟಿಬಯೋಟಿಕ್‌ನಿಂದಲೇ ಪಾರಾದರು. ನಮ್ಮ ರೋಗಿಗೂ ಜ್ವರ ಇಳಿಯಿತು, ರಕ್ತದೊತ್ತಡ ಸ್ಥಿರವಾಯಿತು. ಹಾಗಾಗಿ ಕಾದೆವು. ಮೂತ್ರಪಿಂಡವೋ ಶ್ವಾಸಕೋಶವೋ ಕೈಕೊಡುತ್ತಿದ್ದರೆ ಕಾಯುತ್ತಿರಲಿಲ್ಲ.

ಜ್ವರ ಮರಳಿದಾಗ ಗೋಡೆ ಕಟ್ಟಿತ್ತು. ಕೊಳೆ ತುಂಬಿದ ದೊಡ್ಡ ಗುಳಿ ಜಠರದ ಬೆನ್ನಿಗೆ ಒತ್ತಿಕೊಂಡಿತ್ತು; ಅದರ ಬಾಲವೊಂದು ಎಡಗಡೆಯ ದೊಡ್ಡ ಕರುಳಿನ ಹಿಂದೆ ಕೆಳಕ್ಕಿಳಿದಿತ್ತು. ದಾರಿಯನ್ನು ಹೇಳುವುದು ಕೊಳೆ ಇರುವ ಜಾಗ, ವೈದ್ಯನ ಅಭ್ಯಾಸವಲ್ಲ. ಜಠರಕ್ಕೆ ಅಂಟಿದ್ದರೆ ಎಂಡೋಸ್ಕೋಪಿ, ಪಕ್ಕೆಯ ಕಡೆಗೆ ಇಳಿದಿದ್ದರೆ ಚರ್ಮದ ಮೂಲಕ ನಳಿಕೆ. ಇವರಿಗೆ ಎರಡೂ ಬೇಕಾಯಿತು.

ನಮ್ಮ ಎಂಡೋಸ್ಕೋಪಿ ತಜ್ಞೆ ಅಲ್ಟ್ರಾಸೌಂಡ್ ಇರುವ ಸ್ಕೋಪನ್ನು ಜಠರಕ್ಕಿಳಿಸಿ, ನಡುವೆ ರಕ್ತನಾಳವಿಲ್ಲವೆಂದು ರಕ್ತದ ಹರಿವು ತೋರಿಸುವ ಡಾಪ್ಲರ್‌ನಲ್ಲಿ ಖಚಿತಪಡಿಸಿಕೊಂಡು, ಎರಡೂ ತುದಿ ಅಗಲವಾಗಿ ಅರಳುವ ಲೋಹದ ಸ್ಟೆಂಟ್ (ಜಠರಕ್ಕೂ ಗುಳಿಗೂ ನಡುವೆ ದಾರಿ ತೆರೆದಿಡುವ ಜಾಲರಿ ಕೊಳವೆ) ಕೂರಿಸಿದರು. ಸ್ಟೆಂಟ್ ಅರಳಿದ್ದೇ ತಡ, ಕಂದು ಬಣ್ಣದ ಕೀವು ಜಠರಕ್ಕೆ ನುಗ್ಗಿತು. ದುರ್ನಾತ ಕೋಣೆಯನ್ನೆಲ್ಲ ತುಂಬಿತು. ಆ ದಿನ ಅಷ್ಟೇ. ಕೊಳೆ ಎಳೆಯಲು ಹೋಗಲಿಲ್ಲ. ಜ್ವರ ಪೂರ್ತಿ ಬಿಡದಿದ್ದಾಗ, ಕೆಲವು ದಿನಗಳ ನಂತರ ಸ್ಟೆಂಟಿನ ಮೂಲಕವೇ ಸ್ಕೋಪ್ ಗುಳಿಯೊಳಗೆ ಹೋಯಿತು. ಪರದೆಯ ಮೇಲೆ ಬೂದು, ಕಪ್ಪು ಬಣ್ಣದ ನೆನೆದ ತುಣುಕುಗಳು ಜೋತಾಡುತ್ತಿದ್ದವು. ತಂತಿಯ ಕುಣಿಕೆಯಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಬರುವುದು ಬರಲಿ, ಬಿಗಿದರೆ ಬಿಟ್ಟುಬಿಡಬೇಕು. ಗುಳಿಯಲ್ಲಿ ಅಡ್ಡಲಾಗಿ ಹಾಯ್ದ ಎಳೆ ಕಂಡರೆ ಅದು ರಕ್ತನಾಳವಾಗಿರಬಹುದು, ಮುಟ್ಟುವಂತಿಲ್ಲ. ಉಬ್ಬಿಸಲು ಗಾಳಿಯ ಬದಲು ಇಂಗಾಲದ ಡೈಆಕ್ಸೈಡನ್ನೇ ಬಳಸುತ್ತೇವೆ. ರಕ್ತನಾಳಕ್ಕೆ ಗಾಳಿ ಸೇರಿದರೆ ಪ್ರಾಣಕ್ಕೇ ಅಪಾಯ.

ಕೆಳಗಿನ ಬಾಲ ನನ್ನ ಪಾಲಿನದು. ರೇಡಿಯಾಲಜಿ ತಜ್ಞರು ಮೊದಲೇ ಎಡಪಕ್ಕೆಯಿಂದ, ಕರುಳಿನ ಹಿಂದಿನಿಂದ ಹಾಕಿದ್ದ ನಳಿಕೆಯೇ ನನಗೆ ದಾರಿ. ಅದರ ಪಕ್ಕ ಸುಮಾರು 5 ಸೆಂಟಿಮೀಟರ್ ಸೀಳಿ, ನಳಿಕೆಯ ಗುಂಟ ಹೋಗಿ, ಕ್ಯಾಮೆರಾ ಇಳಿಸಿ ಸಡಿಲವಾದದ್ದನ್ನು ಮಾತ್ರ ಇಕ್ಕಳದಿಂದ ತೆಗೆದೆ. ಹೊಟ್ಟೆಯ ಮುಖ್ಯ ಪೊರೆ ತೆರೆಯಲೇ ಇಲ್ಲ. 2018ರ ಅಧ್ಯಯನವೊಂದರಲ್ಲಿ ಎಂಡೋಸ್ಕೋಪಿ ದಾರಿಯಲ್ಲಿ ಪ್ಯಾಂಕ್ರಿಯಾಸ್ ರಸ ಹೊರಗೆ ಸೋರುವುದು ಶೇ. 5, ಈ ಶಸ್ತ್ರಚಿಕಿತ್ಸೆಯ ದಾರಿಯಲ್ಲಿ ಶೇ. 32. ಸಾವಿನ ಪ್ರಮಾಣದಲ್ಲಿ ಮಹತ್ವದ ವ್ಯತ್ಯಾಸವಿರಲಿಲ್ಲ. ಆದ್ದರಿಂದ ಎಂಡೋಸ್ಕೋಪಿಗೆ ಎಟುಕುವುದನ್ನು ಅದಕ್ಕೇ ಬಿಟ್ಟುಕೊಡುತ್ತೇನೆ. ಕರುಳು ತೂತಾದರೆ, ಕರುಳಿಗೆ ರಕ್ತ ಹರಿಯುವುದು ನಿಂತರೆ ಮಾತ್ರ ದೊಡ್ಡ ಶಸ್ತ್ರಚಿಕಿತ್ಸೆಯೇ ಗತಿ.

ಈ ವಾರಗಳಲ್ಲಿ ನಾನು ಅತ್ಯಂತ ಹೆದರುವುದು ರಕ್ತಸ್ರಾವಕ್ಕೆ. ನಳಿಕೆಯಲ್ಲಿ ಒಂದಿಷ್ಟು ತಾಜಾ ರಕ್ತ ಕಂಡು ತಾನಾಗಿ ನಿಂತರೂ ಕಿರಿಯ ವೈದ್ಯರು ರಾತ್ರಿಯಾದರೂ ಫೋನ್ ಮಾಡಲೇಬೇಕು. ಸಿ.ಟಿ. ಆ್ಯಂಜಿಯೋಗ್ರಾಂ (ರಕ್ತನಾಳಗಳ ಸ್ಕ್ಯಾನ್) ಮಾಡಿಸಿ, ಉಬ್ಬಿದ ರಕ್ತನಾಳ ಕಂಡರೆ ರೇಡಿಯಾಲಜಿಯವರು ಕಾಯಿಲ್ (ಸಣ್ಣ ಲೋಹದ ಸುರುಳಿ) ಹಾಕಿ ಮುಚ್ಚುತ್ತಾರೆ.

ಲೋಹದ ಸ್ಟೆಂಟನ್ನು ಮೂರು-ನಾಲ್ಕು ವಾರದೊಳಗೆ ತೆಗೆಯಬೇಕು. ಗುಳಿ ಕುಗ್ಗಿದ ಮೇಲೂ ಉಳಿದರೆ ಸ್ಟೆಂಟೇ ರಕ್ತನಾಳವನ್ನು ಉಜ್ಜುತ್ತದೆ. ನೋವು ಹೋಗಿ ಊರು ಸೇರಿದವರಿಗೆ, ಬೆಂಗಳೂರಿಗೆ ಮತ್ತೆ ಬರುವ ಖರ್ಚು ದಂಡವೆನಿಸುವುದು ಸಹಜ. ಅದಕ್ಕೇ ಬಿಡುಗಡೆ ಚೀಟಿಯ ಮೊದಲ ಸಾಲಿನಲ್ಲೇ, ಕನ್ನಡದಲ್ಲಿ, ಸ್ಟೆಂಟ್ ತೆಗೆಸುವ ದಿನಾಂಕ ಬರೆಸುತ್ತೇನೆ. ಬಾರದಿದ್ದರೆ ನಮ್ಮವರೇ ಕರೆ ಮಾಡುತ್ತಾರೆ. ಅದರ ಕೆಳಗೆ ಸಕ್ಕರೆ ಪರೀಕ್ಷೆ, ಊಟದ ಜೊತೆ ನುಂಗಬೇಕಾದ ಕಿಣ್ವದ ಕ್ಯಾಪ್ಸೂಲ್, ಮತ್ತು ಪಿತ್ತಕೋಶ ತೆಗೆಸಲು ಮತ್ತೆ ಬರಬೇಕಾದ ತಿಂಗಳು.