ಮಾಡರ್ನ್ ಆರ್ಟ್ ತಲೆಗೆ ಹತ್ತಲ್ವಾ? ಹೀಗೆ ನೋಡಿ

ಗ್ಯಾಲರಿಯಲ್ಲಿ ಜನರನ್ನು ಗಮನಿಸಿದ್ದೀರಾ? ಚಿತ್ರದ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ, ಪಕ್ಕದ ಚೀಟಿ ಓದುತ್ತಾರೆ, ಅಲ್ಲಿ 'ಶೀರ್ಷಿಕೆ ಇಲ್ಲ' ಅಂತ ಇದ್ದರೆ ಮುಖ ಸಿಂಡರಿಸಿ ಮುಂದೆ ಹೋಗುತ್ತಾರೆ. ಇದರ ಅರ್ಥ ಏನು ಅನ್ನುವುದೊಂದೇ ಚಿಂತೆ. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇದನ್ನು ಹೇಗೆ ಮಾಡಿದರು ಅಂತ ಕೇಳಿಕೊಳ್ಳಿ. ಉತ್ತರದ ಮುಕ್ಕಾಲು ಪಾಲು ಚಿತ್ರದ ಮೇಲೇ ಇರುತ್ತದೆ.

ಕಾಲು ನಿಂತಲ್ಲಿ ನಿಲ್ಲಿ

ಎಲ್ಲವನ್ನೂ ನೋಡಲೇಬೇಕು ಅನ್ನುವ ಹಠ ಬೇಡ. ಮೊದಲು ಸುಮ್ನೆ ಒಂದು ಸುತ್ತು ಹಾಕಿ. ಮೂರ್ನಾಲ್ಕು ಚಿತ್ರ ಆರಿಸಿಕೊಳ್ಳಿ, ಅದರಲ್ಲಿ ಕಿರಿಕಿರಿ ಮಾಡಿದ್ದೂ ಒಂದಿರಲಿ. ಒಂದೊಂದರ ಮುಂದೆ ಐದು ನಿಮಿಷ. ಚೀಟಿ ಆಮೇಲೆ.

ಪೇಂಟಿಂಗ್: ಹಿಂದೆ, ಮುಂದೆ, ಪಕ್ಕ

ದೂರದಿಂದ ನೋಡಿದಾಗ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಗಮನಿಸಿ. ಆಮೇಲೆ ಹತ್ತಿರ ಬನ್ನಿ. ಯಾವ ಬಣ್ಣದ ಮೇಲೆ ಯಾವುದು ಕೂತಿದೆ? ಕುಂಚ ಎಲ್ಲಿ ಒಣಗಿದೆ? ಕ್ಯಾನ್ವಾಸಿನ ಪಕ್ಕದ ಅಂಚನ್ನೂ ನೋಡಿ, ಮುಂದೆ ಮುಚ್ಚಿಹೋದ ಹಳೆಯ ಬಣ್ಣ ಕೆಲವೊಮ್ಮೆ ಅಲ್ಲಿ ಉಳಿದಿರುತ್ತದೆ. ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್ಕೊ ಅವರ ದೊಡ್ಡ ಕ್ಯಾನ್ವಾಸುಗಳು ಫೋನಿನಲ್ಲಿ ಬರೀ ಎರಡು ಮೂರು ಬಣ್ಣದ ಆಯತಗಳು. ಅವರಿಗೋ ನೋಡುವವರು ತೀರಾ ಹತ್ತಿರ, ಸುಮಾರು 18 ಇಂಚು ದೂರದಲ್ಲಿ ನಿಲ್ಲಬೇಕಿತ್ತಂತೆ. ಹಾಗೆ ನಿಂತರೆ ತೆಳು ಪದರಗಳು ಒಂದರೊಳಗಿಂದ ಒಂದು ಇಣುಕುವುದು ಕಾಣುತ್ತದೆ, ಆಯತದ ಅಂಚು ಗೆರೆಯಾಗಿ ಉಳಿಯುವುದೇ ಇಲ್ಲ.

ತಪ್ಪಾಗಿ ನೋಡಿಬಿಟ್ಟರೆ ಅನ್ನುವ ಅಂಜಿಕೆ ಬೇಡ. 1961ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಫ್ರೆಂಚ್ ಕಲಾವಿದ ಮತೀಸ್ ಅವರ 'ದೋಣಿ' ಅನ್ನುವ ಕಾಗದದ ಕೃತಿ 47 ದಿನ ತಲೆಕೆಳಗಾಗಿ ನೇತಾಡುತ್ತಿತ್ತು. ಪತ್ತೆ ಮಾಡಿದ್ದು ನೋಡಲು ಬಂದಿದ್ದ ಒಬ್ಬ ಮಹಿಳೆ.

ಡ್ರಾಯಿಂಗ್: ಗೆರೆಯ ಹಿಂದೆ ಹೋಗಿ

ಒಂದು ಗೆರೆಯನ್ನು ಶುರುವಿನಿಂದ ಕೊನೆಯವರೆಗೆ ಕಣ್ಣಿನಲ್ಲೇ ಹಿಂಬಾಲಿಸಿ. ಎಲ್ಲಿ ಕೈ ಒತ್ತಿದೆ, ಎಲ್ಲಿ ಓಡಿದೆ, ಎಲ್ಲಿ ಅನುಮಾನಿಸಿ ನಿಂತಿದೆ ಅಂತ ಗೊತ್ತಾಗುತ್ತದೆ. ಅಳಿಸಿದ ಗುರುತುಗಳನ್ನೂ ಬಿಡಬೇಡಿ. ಅಂದಹಾಗೆ, ಕಾಗದದ ಕೃತಿಗಳಿರುವ ಕೋಣೆಯಲ್ಲಿ ಬೆಳಕು ಮಂದ ಇರುತ್ತದೆ, ಬೆಳಕು ಜಾಸ್ತಿಯಾದರೆ ಕಾಗದವೂ ಶಾಯಿಯೂ ಹಾಳು. ಕಣ್ಣು ಒಗ್ಗಲು ಎರಡು ನಿಮಿಷ ಕೊಡಿ.

ಪ್ರಿಂಟ್: ಇಲ್ಲೇ ಜಾಸ್ತಿ ಹೊತ್ತು ನಿಲ್ಲಿ

ಪ್ರಿಂಟ್ ಅಂದ ಕೂಡಲೇ ಯಾವುದೋ ಪೇಂಟಿಂಗಿನ ನಕಲು ಅಂತ ತುಂಬ ಜನ ದಾಟಿ ಹೋಗುತ್ತಾರೆ. ನನಗೆ ಬೇಜಾರಾಗುವುದು ಇದಕ್ಕೇ. ಮರವನ್ನು ಕೆತ್ತಿ, ತಾಮ್ರದ ತಗಡನ್ನು ಆಸಿಡ್‌ಗೆ ಹಾಕಿ, ಇಲ್ಲವೇ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತಿದ್ದೇ ಇಲ್ಲಿ ಮೂಲ ಕೃತಿ.

ಮೊದಲು ಚಿತ್ರದ ಕೆಳಗಿನ ಪೆನ್ಸಿಲ್ ಬರಹ ನೋಡಿ. ಸಾಮಾನ್ಯವಾಗಿ ಬಲಕ್ಕೆ ಸಹಿ, ಎಡಕ್ಕೆ 7/30 ಥರದ ಸಂಖ್ಯೆ. ಅಂದರೆ ಮೂವತ್ತು ಪ್ರತಿಗಳಲ್ಲಿ ಏಳನೆಯದು. ಒತ್ತಿದ ಕ್ರಮದಲ್ಲೇ ಸಂಖ್ಯೆ ಹಾಕಿರಬೇಕು ಅಂತೇನಿಲ್ಲ, ಹಾಗಾಗಿ 1/30 ಅಂದರೆ ಹೆಚ್ಚುಗಾರಿಕೆ ಅಂದುಕೊಳ್ಳಬೇಡಿ. 'ಎ.ಪಿ.' ಅಂತಿದ್ದರೆ ಅದು ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ.

ಈಗ ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವ ಹಾಗೆ ನೋಡಿ. ಚಿತ್ರದ ಸುತ್ತ ಕಾಗದ ಚೌಕಾಕಾರವಾಗಿ ಒಳಕ್ಕೆ ತಗ್ಗಿದೆಯಾ? ಹೆಚ್ಚುಕಡಿಮೆ ಅದು ಎಚಿಂಗ್ (ತಗಡಿನ ಗೆರೆಯನ್ನು ಆಸಿಡ್ ಕೊರೆಯುವ ವಿಧಾನ) ಅಥವಾ ಅದರ ಬಳಗದ್ದು. ತಗಡನ್ನು ಯಂತ್ರದಲ್ಲಿ ಒತ್ತಿದಾಗ ಮೂಡಿದ ಗುರುತು ಅದು. ಗೆರೆಯ ತಗ್ಗಿನಲ್ಲಿದ್ದ ಶಾಯಿಯನ್ನು ಕಾಗದ ಎಳೆದುಕೊಂಡಿರುವುದರಿಂದ ಗೆರೆಯೂ ಒಂಚೂರು ಉಬ್ಬಿರುತ್ತದೆ. ಮರ ಕೆತ್ತಿ ಒತ್ತುವ ವುಡ್‌ಕಟ್ ಇದಕ್ಕೆ ಪೂರಾ ಉಲ್ಟಾ: ಕೆತ್ತಿ ತೆಗೆದ ಜಾಗ ಬಿಳಿ, ಉಳಿಸಿದ ಜಾಗ ಕಪ್ಪು. ಕೇಟೆ ಕೋಲ್ವಿಟ್ಜ್ ಅವರ ಮಗ 1914ರಲ್ಲಿ ಯುದ್ಧದಲ್ಲಿ ತೀರಿಕೊಂಡ. ಎಚಿಂಗಿನಲ್ಲಿ ಪಳಗಿದ್ದ ಈ ಜರ್ಮನ್ ಕಲಾವಿದೆ 'ಯುದ್ಧ' ಸರಣಿಯ ಏಳು ಚಿತ್ರಗಳಿಗೆ ಮರವನ್ನೇ ಹಿಡಿದರು. ಅಲ್ಲಿ ನಯವಾದ ನೆರಳಿಗೆ ಜಾಗವೇ ಇಲ್ಲ, ಉಳಿಯ ಏಟು ಹಾಗೇ ಕಾಣುತ್ತದೆ. ದುಃಖದ ಬಗ್ಗೆ ಚೀಟಿ ಹೇಳುವುದಕ್ಕಿಂತ ಆ ಏಟುಗಳೇ ಜಾಸ್ತಿ ಹೇಳುತ್ತವೆ.

ಜಾಲರಿಯ ಮೂಲಕ ಶಾಯಿ ಒತ್ತುವ ಸ್ಕ್ರೀನ್‌ಪ್ರಿಂಟ್‌ನಲ್ಲಿ ಬಣ್ಣ ಚಪ್ಪಟೆ. ಆದರೂ ಅಮೆರಿಕದ ಆಂಡಿ ವಾರ್ಹಾಲ್ ಅವರ 1962ರ 'ಮರ್ಲಿನ್ ಡಿಪ್ಟಿಕ್' (ಡಿಪ್ಟಿಕ್ ಅಂದರೆ ಜೋಡಿ ಫಲಕದ ಚಿತ್ರ) ನೋಡಿ: ಒಂದೇ ಮುಖ ಐವತ್ತು ಸಲ. ಎಡಗಡೆಯ ಅರ್ಧ ರಂಗುರಂಗು, ಬಲಗಡೆ ಬರೀ ಕಪ್ಪು. ಒಂದು ಕಡೆ ಶಾಯಿ ಜಾಸ್ತಿಯಾಗಿ ಮುಖ ಮುಚ್ಚಿಹೋಗಿದೆ, ಇನ್ನೊಂದು ಕಡೆ ಸಾಲದೆ ಮಸುಕಾಗಿದೆ. ಆ ಮುಖದ ಒಡತಿ, ಹಾಲಿವುಡ್ ನಟಿ ಮರ್ಲಿನ್ ಮನ್ರೊ ತೀರಿಕೊಂಡಿದ್ದೂ ಅದೇ ವರ್ಷ ಅಂತ ಗೊತ್ತಾದ ಮೇಲೆ ಆ ಮಸುಕನ್ನು ಇನ್ನೊಮ್ಮೆ ನೋಡಿ. ಇನ್ನು ನಮ್ಮ ದೇಶದ ಕಲಾವಿದ ಸೋಮನಾಥ ಹೋರ್ ಅವರ 'ಗಾಯಗಳು' ಸರಣಿಯಲ್ಲಿ ಶಾಯಿ ಇಲ್ಲದ ಬಿಳಿ ಹಾಳೆಗಳೂ ಇವೆ. ಕಾಗದದ ಹಸಿ ಮುದ್ದೆಯನ್ನು ಅಚ್ಚಿಗೆ ಒತ್ತಿ ಸೀಳು, ತೂತು ಮೂಡಿಸಿದ್ದಾರೆ. ನೇರ ನಿಂತರೆ ಖಾಲಿ ಹಾಳೆ, ಓರೆಯಾಗಿ ನೋಡಿದರೆ ಮಾತ್ರ ಗಾಯ.

ಮುದ್ರಣದ ಇನ್ನೊಂದು ಮಜಾ ಅಂದರೆ ನಡುವಿನ ಹಂತಗಳೂ ಉಳಿದಿರುತ್ತವೆ. 1945ರ ಕೊನೆಯಲ್ಲಿ ಪಿಕಾಸೊ ಕಲ್ಲಿನ ಮೇಲೆ ಒಂದು ಗೂಳಿ ಬರೆದು, ಒತ್ತಿ, ಕೆರೆದು, ತಿದ್ದಿ, ಮತ್ತೆ ಒತ್ತುತ್ತಾ ಹೋದರು. ಒಟ್ಟು 11 ಲಿಥೋಗ್ರಾಫ್, ಅಂದರೆ ಕಲ್ಲಚ್ಚಿನ ಚಿತ್ರಗಳು. ಶುರುವಿನಲ್ಲಿ ಮೈಕೈ ತುಂಬಿದ ಗೂಳಿ, ಕೊನೆಗೆ ಬೆರಳೆಣಿಕೆಯ ಗೆರೆ. ಕೊನೆಯದನ್ನು ಮಾತ್ರ ನೋಡಿದವರು ಇದನ್ನು ನನ್ನ ಮಗುನೂ ಬರೆಯುತ್ತೆ ಅಂದರೆ ಆಶ್ಚರ್ಯವಿಲ್ಲ. ಹನ್ನೊಂದನ್ನೂ ಸಾಲಾಗಿ ಇಟ್ಟುಕೊಂಡು, ಪ್ರತಿ ಹಂತದಲ್ಲಿ ಏನು ತೆಗೆದರು ಅಂತ ಹುಡುಕಿ. ಪುಸ್ತಕದಲ್ಲೋ ಫೋನಿನಲ್ಲೋ ನೋಡಿದರೂ ನಡೆಯುತ್ತದೆ.

ಕೊನೆಗೆ ಚೀಟಿ

ಮೊದಲು ಮಾಧ್ಯಮ ಮತ್ತು ಇಸವಿ ಓದಿ, ನಿಮ್ಮ ಊಹೆ ಸರಿಯಿತ್ತಾ ನೋಡಿ. ಗೋಡೆಯ ಮೇಲಿನ ಉದ್ದನೆಯ ಬರಹ ಎಷ್ಟೋ ಸಲ ಚಿತ್ರಕ್ಕಿಂತ ಕಷ್ಟ. ಅದು ಹೇಳುವುದು ಚಿತ್ರದಲ್ಲಿ ಎಲ್ಲಿದೆ ಅಂತ ಬೆರಳು ತೋರಿಸಿ ಹೇಳಲಾಗದಿದ್ದರೆ, ಧಾರಾಳವಾಗಿ ಬಿಟ್ಟು ಮುಂದಿನ ಚಿತ್ರಕ್ಕೆ ಹೋಗಿ.