ಫೈಲಿಗೆ ಪ್ರಿಂಟ್ ಹಾಕುವುದನ್ನು ನಾನು ಕಲಿತ ಬಗೆ

ಗಂಗಾವತಿಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಯಿದೆ. ಭತ್ತದ ಸುಗ್ಗಿ ಬಂತೆಂದರೆ ಸುತ್ತಲಿನ ಹಳ್ಳಿ, ಕ್ಯಾಂಪುಗಳ ರೈತರ ಅರ್ಜಿಗಳು, ರೈಸ್ ಮಿಲ್ಲುಗಳ ಪತ್ರಗಳು, ಅಡತಿ (ದಲ್ಲಾಳಿ) ಅಂಗಡಿಗಳ ಲೆಕ್ಕದ ಹಾಳೆಗಳು ಒಟ್ಟಿಗೇ ಬಂದು ಬೀಳುತ್ತವೆ. ಬಂದವರೆಲ್ಲ ಕಾಗದ ಕೈಗೆ ಸಿಕ್ಕ ಮೇಲೆ ‘ವಾಟ್ಸಾಪಿಗೂ ಒಂದು ಹಾಕಿಬಿಡ್ರಿ’ ಎನ್ನುತ್ತಾರೆ. ಮೊದಮೊದಲು ನಾನು ಹಾಳೆಯನ್ನು ಪ್ರಿಂಟ್ ತೆಗೆದು, ಅದನ್ನೇ ಮತ್ತೆ ಸ್ಕ್ಯಾನ್ ಮಾಡಿ ಕಳಿಸುತ್ತಿದ್ದೆ. ಟೋನರ್ ದಂಡ, ಹಾಳೆ ದಂಡ, ಮೇಲಾಗಿ ಅಕ್ಷರಗಳೂ ಮಸುಕು.

ಪ್ರಿಂಟ್ ಕಿಟಕಿಯಲ್ಲಿ, ಹಾಳೆಗೆ ಹೋಗಬೇಕಾದದ್ದನ್ನು ಫೈಲಾಗಿ ಉಳಿಸುವ ‘ಪ್ರಿಂಟ್ ಟು ಫೈಲ್’ ಎಂಬ ಚಿಕ್ಕ ಚೌಕವೊಂದು ಕಣ್ಣಿಗೆ ಬಿದ್ದಾಗ ಸಮಸ್ಯೆ ಬಗೆಹರಿಯಿತೆಂದೇ ತಿಳಿದೆ. ನನ್ನ ಲೇಸರ್ ಪ್ರಿಂಟರನ್ನೇ ಆರಿಸಿಟ್ಟು, ಆ ಚೌಕಕ್ಕೆ ಗುರುತು ಹಾಕಿ, ಬಂದ ಫೈಲನ್ನು ಕಾರಟಗಿಯ ಗಿರಾಕಿಯೊಬ್ಬರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು: ‘ಅಣ್ಣಾರ, ಇದು ತೆರೀವಲ್ದು ನೋಡ್ರಿ.’ ಫೈಲಿನ ಹೆಸರಿನ ಬಾಲದಲ್ಲಿ ‘ಪಿಆರ್‌ಎನ್’ ಎಂದಿತ್ತು. ಅದರೊಳಗೆ ಇದ್ದದ್ದು ಪತ್ರವಲ್ಲ, ನನ್ನ ಪ್ರಿಂಟರಿಗೆ ಮಾತ್ರ ಅರ್ಥವಾಗುವ ಆದೇಶಗಳು. ಫೈಲಿಗೆ ಪ್ರಿಂಟ್ ಹಾಕುವಾಗ ಹುಟ್ಟುವ ಫೈಲು ಯಾವ ಬಗೆಯದೆಂಬುದನ್ನು ನಾವು ಆರಿಸಿದ ಪ್ರಿಂಟರಿನ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ನಿರ್ಧರಿಸುತ್ತದೆಯೇ ಹೊರತು ಆ ಚೌಕವಾಗಲಿ, ನಾವು ಕೊಡುವ ಹೆಸರಾಗಲಿ ಅಲ್ಲ ಎಂಬುದು ಅಂದು ತಿಳಿಯಿತು. ಹಾಗೆಂದು ಪಿಆರ್‌ಎನ್ ಫೈಲು ನಿಷ್ಪ್ರಯೋಜಕವೇನಲ್ಲ. ಮುಂದೆ ಒಮ್ಮೆ ನನ್ನ ಪ್ರಿಂಟರ್ ಕೆಟ್ಟಾಗ ಅಂಥದೇ ಮಾಡೆಲ್ ಇದ್ದ ಸ್ನೇಹಿತರ ಅಂಗಡಿಗೆ ಅಂಥ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಆದೇಶಗಳನ್ನು ಟೈಪು ಮಾಡುವ ಕಮಾಂಡ್ ಪ್ರಾಂಪ್ಟ್ ಕಿಟಕಿಯಿಂದ ಅವರ ಶೇರ್ ಮಾಡಿದ ಪ್ರಿಂಟರಿಗೆ ಕಾಪಿ ಮಾಡಿ ಹಾಳೆಗಳನ್ನು ಹೊರಡಿಸಿಕೊಂಡೆ.

ಗಿರಾಕಿಗಳಿಗೆ ಬೇಕಾದದ್ದು ಪಿಡಿಎಫ್. ವಿಂಡೋಸ್ 10ರಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಎಂಬ, ಹಾಳೆಯ ಬದಲು ಪಿಡಿಎಫ್ ಕೊಡುವ ಪ್ರಿಂಟರ್ ಮೊದಲೇ ಇರುತ್ತದೆ. ನನ್ನ ಕಂಪ್ಯೂಟರಿನ ಪಟ್ಟಿಯಲ್ಲಿ ಅದು ಕಾಣಿಸಲಿಲ್ಲವಾದ್ದರಿಂದ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ತೆರೆದು, ಅದರ ಹೆಸರಿನ ಮುಂದೆ ಗುರುತು ಹಾಕಿದೆ. ಅಷ್ಟೇ ಕೆಲಸ. ಒಂದು ಎಚ್ಚರ ಮಾತ್ರ ಬೇಕು: ಅದರ ಕಾಗದದ ಅಳತೆ ‘ಲೆಟರ್’ ಎಂದಿದ್ದರೆ ಪ್ರಿಂಟಿಂಗ್ ಪ್ರಿಫರೆನ್ಸಸ್‌ನಲ್ಲಿ ಎ4 ಮಾಡಿಕೊಳ್ಳಬೇಕು. ಎ4 ಹಾಳೆ 297 ಮಿಲಿಮೀಟರ್ ಉದ್ದ, ಲೆಟರ್ ಸುಮಾರು 279. ಆ 18 ಮಿಲಿಮೀಟರಿನ ಕೊರತೆಯಿಂದಲೇ ನನ್ನ ಎಷ್ಟೋ ಅರ್ಜಿಗಳಲ್ಲಿ ‘ತಮ್ಮ ವಿಶ್ವಾಸಿ’ ಎಂಬುದೊಂದೇ ಎರಡನೆಯ ಪುಟಕ್ಕೆ ಹೋಗಿ ಕುಳಿತಿತ್ತು.

ನಿಜವಾದ ತಲೆನೋವು ಅಡತಿ ಅಂಗಡಿಯೊಂದರ ರಸೀದಿಗಳದ್ದು. ದಿನಕ್ಕೆ ನಾಲ್ವತ್ತು ಐವತ್ತು ರಸೀದಿ ಹಾಕುವಾಗ ಪ್ರತಿ ಸಲವೂ ಫೈಲಿನ ಹೆಸರು ಕೇಳುವ ಕಿಟಕಿ ಎದುರು ಬಂದು ನಿಲ್ಲುತ್ತಿತ್ತು. ಅದಕ್ಕಾಗಿ ಎರಡನೆಯದೊಂದು ಪಿಡಿಎಫ್ ಪ್ರಿಂಟರನ್ನು ಕೂಡಿಸಿದೆ. ‘ಆ್ಯಡ್ ಪ್ರಿಂಟರ್’ನಲ್ಲಿ ಕೈಯಾರೆ ಸೇರಿಸುವ ದಾರಿಯನ್ನು ಆರಿಸಿ, ಹೊಸ ಪೋರ್ಟ್ (ಪ್ರಿಂಟ್ ಹೋಗಿ ತಲುಪುವ ಜಾಗ) ಎಂಬಲ್ಲಿ ‘ಲೋಕಲ್ ಪೋರ್ಟ್’ ಹಿಡಿದು, ಪೋರ್ಟಿನ ಹೆಸರಾಗಿ ಡಿ ಡ್ರೈವಿನ ರಸೀದಿ ಫೋಲ್ಡರಿನ ಒಂದು ಪಿಡಿಎಫ್ ಫೈಲಿನ ಪೂರ್ತಿ ವಿಳಾಸವನ್ನೇ ಬರೆದೆ. ಡ್ರೈವರ್ ಮಾತ್ರ ಮೊದಲಿನ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ನದೇ. ಈಗ ಪ್ರಿಂಟ್ ಒತ್ತಿದರೆ ಏನನ್ನೂ ಕೇಳದೆ ಫೈಲು ನೇರವಾಗಿ ಅಲ್ಲಿಗೆ ಹೋಗಿ ಬೀಳುತ್ತದೆ.

ಮೊದಲ ದಿನ ಸಂಜೆ ಫೋಲ್ಡರ್ ತೆರೆದರೆ ಇದ್ದದ್ದು ಒಂದೇ ರಸೀದಿ, ಕೊನೆಯದು. ಹೆಸರು ಒಂದೇ ಆದ್ದರಿಂದ ಪ್ರತಿ ಹೊಸ ರಸೀದಿಯೂ ಹಿಂದಿನದನ್ನು ಅಳಿಸಿ ಅದರ ಜಾಗದಲ್ಲಿ ಕುಳಿತಿತ್ತು. ಪುಣ್ಯಕ್ಕೆ ಲೆಕ್ಕದ ತಂತ್ರಾಂಶದಲ್ಲಿ ಎಲ್ಲವೂ ಉಳಿದಿದ್ದರಿಂದ ರಾತ್ರಿ ಕುಳಿತು ಮತ್ತೆ ಹಾಕಿದೆ. ಮರುದಿನ ನಾಲ್ಕು ಸಾಲಿನ ಒಂದು ಬ್ಯಾಚ್ ಫೈಲ್ (ಆದೇಶಗಳನ್ನು ಒಂದರ ಹಿಂದೊಂದು ನಡೆಸುವ ಫೈಲು) ಬರೆದು, ಆ ಪಿಡಿಎಫ್‌ಗೆ ದಿನಾಂಕ ಮತ್ತು ವೇಳೆಯ ಹೆಸರಿಟ್ಟು ಬೇರೆ ಫೋಲ್ಡರಿಗೆ ಸರಿಸುವಂತೆ ಮಾಡಿದೆ. ಪ್ರತಿ ರಸೀದಿಯಾದ ಮೇಲೆ ಅದರ ಐಕಾನ್ ಒತ್ತಬೇಕು. ಹೆಸರು ಟೈಪು ಮಾಡುವುದಕ್ಕಿಂತ ಅದು ಎಷ್ಟೋ ಸುಲಭ. ಹಿಂದಿನ ರಸೀದಿ ಪಿಡಿಎಫ್ ಓದುವ ತಂತ್ರಾಂಶದಲ್ಲಿ ತೆರೆದೇ ಇದ್ದರೆ ಹೊಸದು ಕೆಲವೊಮ್ಮೆ ಪ್ರಿಂಟಿನ ಸರದಿಯಲ್ಲೇ (ಕ್ಯೂ) ಸಿಕ್ಕಿಕೊಳ್ಳುತ್ತದೆ, ಅದನ್ನು ಮುಚ್ಚಿಯೇ ಮುಂದುವರಿಯಬೇಕು.

ಕನ್ನಡದ ಫೈಲುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪು ಮಾಡಿದ ಪತ್ರವೂ ಪಿಡಿಎಫ್ ಆದಾಗ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಅಕ್ಷರಗಳ ರೂಪವೂ ಫೈಲಿನೊಳಗೇ ಸೇರಿಕೊಂಡಿರುತ್ತದೆ. ಆದರೆ ಅದರಿಂದ ಒಂದು ಸಾಲನ್ನು ಕಾಪಿ ಮಾಡಿ ಬೇರೆಡೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ, ಹೆಸರು ಹಾಕಿ ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಪಿಡಿಎಫ್ ಕಳಿಸಿದ ಮೇಲೂ ಟೈಪು ಮಾಡಿದ ಮೂಲ ಫೈಲನ್ನು ಗಿರಾಕಿಯ ಊರಿನ ಹೆಸರಿನ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತೇನೆ. ಸರ್ವೆ ನಂಬರೊಂದು ತಪ್ಪಿದೆಯೆಂದು ಮಾರನೆಯ ದಿನ ಬಂದು ನಿಲ್ಲುವವರು ವಾರಕ್ಕೆ ಇಬ್ಬರಾದರೂ ಇದ್ದೇ ಇರುತ್ತಾರೆ.